ವಯಸ್ಕರ ಎಡಿಎಚ್‌ಡಿ: ಮನೋವೈದ್ಯರನ್ನು ಕಾಣುವವರಿಗೆ ಮಾರ್ಗದರ್ಶನ

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ, ಚಡಪಡಿಕೆ ಹಾಗೂ ಆತುರ ಹೆಚ್ಚಿರುವ ತೊಂದರೆ, ಇದೆಯೋ ಇಲ್ಲವೋ ಎಂಬುದನ್ನು ರಕ್ತ ಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಹೇಳುವುದಿಲ್ಲ. ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇ ಆಸ್ಪತ್ರೆಗೆ ಹೋಗಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೇ ಹೋಗಿ, ಮನೋವೈದ್ಯರು ನಿರ್ಣಯಕ್ಕೆ ಬರುವುದು ಮುಖ್ಯವಾಗಿ ನೀವು ಮತ್ತು ನಿಮ್ಮವರು ಹೇಳುವ ವಿವರಗಳಿಂದ. ಹೀಗಾಗಿ ಮನೆಯಲ್ಲಿ ಮಾಡಿಕೊಳ್ಳುವ ತಯಾರಿಯೇ ಅರ್ಧ ಕೆಲಸ.

ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು ಎಂಬುದು ನಿಯಮ. ಆದ್ದರಿಂದ ಶಾಲೆಯ ಹಳೆಯ ಪ್ರಗತಿ ಪತ್ರಗಳನ್ನು ಹುಡುಕಿ ಒಯ್ಯಿರಿ; ‘ಬುದ್ಧಿವಂತ, ಆದರೆ ಲಕ್ಷ್ಯವಿಲ್ಲ’ ಎಂದು ಗುರುಗಳು ಬರೆದ ಒಂದು ಸಾಲು ವೈದ್ಯರಿಗೆ ಬಹಳ ಉಪಯುಕ್ತ. ಸಾಧ್ಯವಾದರೆ ಅವ್ವ ಅಥವಾ ಅಕ್ಕನನ್ನು ಕರೆದೊಯ್ಯಿರಿ, ಅದರಲ್ಲೂ ನೀವು ಹೆಣ್ಣಾಗಿದ್ದರೆ; ತರಗತಿಯಲ್ಲಿ ಗಲಾಟೆ ಮಾಡದೆ ಕಿಟಕಿ ನೋಡುತ್ತ ಕುಳಿತ ಹುಡುಗಿಯನ್ನು ಶಾಲೆ ಗಮನಿಸದಿದ್ದರೂ ಮನೆಯವರು ಗಮನಿಸಿರುತ್ತಾರೆ. ‘ನನಗೆ ಮರೆವು’ ಎಂದಷ್ಟೇ ಹೇಳಬೇಡಿ. ಕೈಯಲ್ಲಿ ಹಣವಿದ್ದೂ ಹೆಸ್ಕಾಂ ಬಿಲ್ ಕಟ್ಟದೆ ಮನೆಯ ಕರೆಂಟ್ ಕಡಿತವಾದದ್ದನ್ನು, ಅರ್ಧ ತುಂಬಿದ ಅರ್ಜಿ ಕಪಾಟಿನಲ್ಲೇ ಉಳಿದು ಕೊನೆಯ ದಿನಾಂಕ ದಾಟಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ನಿದ್ರೆಯ ಕೊರತೆ, ಥೈರಾಯ್ಡ್, ಖಿನ್ನತೆ, ಆತಂಕ ಇವೂ ಗಮನವನ್ನು ಕೆಡಿಸುತ್ತವೆ. ವೈದ್ಯರು ಇವನ್ನು ವಿಚಾರಿಸಿದರೆ ನಿಮ್ಮನ್ನು ನಂಬಲಿಲ್ಲವೆಂದು ತಿಳಿಯಬೇಡಿ. ಕುಡಿತ, ಗುಟ್ಕಾ, ಮನೆತನದಲ್ಲಿರುವ ಹೃದ್ರೋಗ ಯಾವುದನ್ನೂ ಮುಚ್ಚಿಡಬಾರದು. ನೀವು ಹೇಳಿದ್ದನ್ನು ಗುಪ್ತವಾಗಿಡುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವೈದ್ಯರ ಮೇಲೆ ಹೊರಿಸಿದೆ.

ಔಷಧಗಳಲ್ಲಿ ಮೀಥೈಲ್‌ಫೆನಿಡೇಟ್ ತೆಗೆದುಕೊಂಡ ದಿನವೇ ಪರಿಣಾಮ ತೋರಬಲ್ಲದು. ಆಟೊಮಾಕ್ಸೆಟಿನ್‌ಗೆ ಕೆಲವು ವಾರ ಬೇಕು, ಅವಸರದಲ್ಲಿ ಅದನ್ನು ಬಿಡಬೇಡಿ. ಎರಡರಲ್ಲೂ ರಕ್ತದೊತ್ತಡ, ನಾಡಿ ಮತ್ತು ತೂಕವನ್ನು ಆಗಾಗ ನೋಡಿಸಿಕೊಳ್ಳಬೇಕು. ಮೀಥೈಲ್‌ಫೆನಿಡೇಟ್‌ನಿಂದ ಹಸಿವು ಕುಗ್ಗುವವರು ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಕೇಳಿಕೊಳ್ಳಲಿ. ಸಂಜೆ ತೆಗೆದುಕೊಂಡರೆ ನಿದ್ರೆ ಕೆಡಬಹುದು. ಪ್ರಮಾಣವನ್ನು ನೀವೇ ಹೆಚ್ಚಿಸಬಾರದು, ಇನ್ನೊಬ್ಬರಿಗೆ ಕೊಡಲೂಬಾರದು. ಕೆಲಸವನ್ನು ಭಾಗ ಮಾಡಿ ಮುಗಿಸುವ ಅಭ್ಯಾಸಕ್ಕೆ ಆಪ್ತಸಮಾಲೋಚನೆ ನೆರವಾಗುತ್ತದೆ. ಮಾತ್ರೆಯೊಂದರಿಂದಲೇ ಅದು ಬರುವುದಿಲ್ಲ.

ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಯ ಔಷಧವಾದ್ದರಿಂದ ಎಲ್ಲ ಔಷಧ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಹುನಗುಂದ, ಸಿಂದಗಿಯಂತಹ ಊರುಗಳಿಂದ ಬರುವವರು ಚೀಟಿ ಕೈಗೆ ಬಂದ ಕೂಡಲೇ ಆಸ್ಪತ್ರೆಯ ಔಷಧ ಅಂಗಡಿಯಲ್ಲಿ ವಿಚಾರಿಸಿ, ಮಾತ್ರೆ ಕೊಂಡು, ಮುಂದಿನ ಭೇಟಿಯ ದಿನವನ್ನು ಬರೆಸಿಕೊಂಡೇ ಬಸ್ ಹತ್ತಬೇಕು. ಇನ್ನೂ ಹಿಂಜರಿಯುತ್ತಿರುವವರು ಉಚಿತ ಸಹಾಯವಾಣಿ ಟೆಲಿ ಮನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.