ಕೊಲ್ಲಿ ಹಿಡಿದು ನಡೆದರೆ ಊರಿನ ಯೋಜನೆ ಸಿಗುತ್ತದೆ

ಗ್ರಾಮಸಭೆಗೆ ಹೋಗಿ ಕುಳಿತವರಿಗೆ ಈ ದೃಶ್ಯ ಗೊತ್ತು. ಪಿಡಿಒ ಪುಸ್ತಕ ತೆರೆದು, ‘ಏನೇನು ಕೆಲಸ ಆಗಬೇಕು ಹೇಳಿ’ ಅನ್ನುತ್ತಾರೆ. ಒಬ್ಬರಿಗೆ ಗೇಟಿನ ತನಕ ಕಾಂಕ್ರೀಟ್ ರಸ್ತೆ ಬೇಕು. ಇನ್ನೊಬ್ಬರಿಗೆ ಮೋರಿ, ಮತ್ತೊಬ್ಬರಿಗೆ ಬೀದಿ ದೀಪ. ಒಂದು ಗಂಟೆಯಲ್ಲಿ ಪಟ್ಟಿ ಮುಗಿಯುತ್ತದೆ, ಕಾಫಿ ಕುಡಿದು ಎಲ್ಲರೂ ಮನೆಗೆ. ಇನ್ನು ಇಪ್ಪತ್ತು ವರ್ಷಕ್ಕೆ ಈ ಊರಲ್ಲಿ ನೀರು ಇರುತ್ತದಾ, ಮನೆ ಹಿಂದಿನ ಬರೆ (ಗುಡ್ಡದ ಇಳಿಜಾರು) ನಿಂತಿರುತ್ತದಾ, ಗದ್ದೆ ಗದ್ದೆಯಾಗಿಯೇ ಉಳಿದಿರುತ್ತದಾ ಅನ್ನುವುದು ಆ ಪಟ್ಟಿಗೆ ಬರುವುದೇ ಇಲ್ಲ.

ಬರುವಂತೆ ಮಾಡಬಹುದು. ನಮ್ಮ ಕೊಡಗಿನ ಕಡೆ ಮಾಡಿ, ಎಡವಿ, ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಲ ನೋಡಿಕೊಳ್ಳಿ

ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ಅಕ್ಟೋಬರ್ 2ರಂದು ಚಾಲನೆ ಸಿಗುವುದು ವಾಡಿಕೆ. 2018ರಲ್ಲಿ ಶುರುವಾದ ಜನ ಯೋಜನಾ ಅಭಿಯಾನದ ಲೆಕ್ಕ ಇದು. ನಮಗೂ ಇದು ಅನುಕೂಲವೇ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಮುಗಿದು ಸುಗ್ಗಿಯ ಹಬ್ಬ ಪುತ್ತರಿ ಬರುವ ತನಕ ಐದಾರು ವಾರ ಸಿಗುತ್ತದೆ. ಮಳೆ ತಗ್ಗಿರುತ್ತದೆ, ಕೊಲ್ಲಿಯಲ್ಲಿ (ಬೆಟ್ಟದಿಂದ ಇಳಿಯುವ ತೊರೆಯಲ್ಲಿ) ನೀರಿರುತ್ತದೆ, ಕಾಫಿ ಕುಯ್ಲಿನ ಭರ ಇನ್ನೂ ಏರಿರುವುದಿಲ್ಲ. ಜಿಗಣೆಯೂ ಸ್ವಲ್ಪ ಕಮ್ಮಿ! ಜನವರಿಯಲ್ಲಿ ಸಭೆ ಕರೆದರೆ ಖಾಲಿ ಕುರ್ಚಿಗಳ ಜೊತೆ ಮಾತಾಡಬೇಕಾಗುತ್ತದೆ.

ಆಮೇಲೆ ನಡೆಯಿರಿ

ಸಭೆಗೂ ಮುಂಚೆ ಒಂದು ದಿನ ಊರಿನ ಕೊಲ್ಲಿ ಹಿಡಿದು ನಡೆಯಿರಿ. ಬೆಟ್ಟದ ತಲೆಯಿಂದ ಶುರು ಮಾಡಿ, ತೋಟ, ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ), ರಸ್ತೆ ದಾಟಿ ಗದ್ದೆ ಬಯಲಿಗೆ ಇಳಿಯಿರಿ. ವಾರ್ಡಿನ ಗಡಿ ಕಾಗದದ ಮೇಲಿನ ಗೆರೆ. ನೀರಿಗೆ ಅದು ಗೊತ್ತಿಲ್ಲ. ಮೇಲಿನವರು ಏನು ಮಾಡಿದರೂ ಕೆಳಗಿನವರ ಅಂಗಳಕ್ಕೆ ಬಂದೇ ಬರುತ್ತದೆ. ಅದಕ್ಕೇ ಒಂದು ಕೊಲ್ಲಿಗೆ ಒಂದು ಯೋಜನೆ ಅಂತ ಇಟ್ಟುಕೊಂಡರೆ ಒಳ್ಳೆಯದು.

ಒಂದು ದೊಡ್ಡ ಹಾಳೆ, ನಾಲ್ಕು ಬಣ್ಣದ ಪೆನ್ನು ಸಾಕು. ನೀರಿನ ಒರತೆ, ಕೆರೆ, ದೇವರಕಾಡು, ಪಾಳು ಬಿದ್ದ ಗದ್ದೆ, ಜೆಸಿಬಿಯಲ್ಲಿ ಅಗೆದ ಬರೆ, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಬಂದು ಸೇರುವ ಜಾಗ, ಹೋಂಸ್ಟೇ ಕಸ ಎಸೆಯುವ ತಿರುವು, ಆನೆ ದಾಟುವ ದಾರಿ ಎಲ್ಲವನ್ನೂ ಗುರುತು ಮಾಡಿ.

ಮೊದಲ ಸಲ ನಾವು ಗಂಡಸರೇ ಎಂಟು ಜನ ಹೋಗಿದ್ದೆವು. ಮೂರು ಒರತೆ ಗುರುತು ಮಾಡಿ ಬೀಗುತ್ತಾ ಬಂದೆವು. ಲೈನ್ ಮನೆಯ ಒಬ್ಬ ಅಜ್ಜಿ ಹಾಳೆ ನೋಡಿ, ‘ಆ ಹಲಸಿನ ಮರದ ಕೆಳಗಿನದು ಎಲ್ಲಿ ಸಾರ್? ಬೇಸಿಗೇಲಿ ನಾವು ಅಲ್ಲಿಂದ ಅಲ್ವಾ ನೀರು ತರೋದು?’ ಅಂದರು. ಏಪ್ರಿಲ್‌ನಲ್ಲೂ ಬತ್ತದ ಒರತೆ ಅದೊಂದೇ. ನಮ್ಮ ನಕ್ಷೆಯಲ್ಲಿ ಅದು ಇರಲೇ ಇಲ್ಲ.

ಬರೆ ಏನು ಹೇಳುತ್ತಿದೆ?

ಕೊಡಗಿನಲ್ಲಿ ಯೋಜನೆ ಅಂದರೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮಳೆ ಜೋರಿತ್ತು, ನಿಜ. ಆದರೆ ರಸ್ತೆಗೂ ಮನೆಗೂ ಇಳಿಜಾರಿನ ಬುಡ ಕತ್ತರಿಸಿ ನೆಟ್ಟಗೆ ನಿಲ್ಲಿಸಿದ್ದು, ನೀರು ಹರಿಯುವ ಹಳೇ ದಾರಿ ಮುಚ್ಚಿದ್ದು ನಾವೇ ಅಲ್ವಾ?

ನಡೆಯುವಾಗ ಇವನ್ನು ನೋಡಿ: ನೆಲದಲ್ಲಿ ಉದ್ದುದ್ದ ಬಿರುಕು, ಒಂದೇ ಕಡೆಗೆ ವಾಲಿದ ಮರ ಅಥವಾ ಕಂಬ, ಹೊಸದಾಗಿ ಬಿರುಕು ಬಿಟ್ಟ ಗೋಡೆ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು. ಮಳೆಗಾಲದಲ್ಲಾದರೆ ಬರೆಯ ಬುಡದಲ್ಲಿ ಹೊಸದಾಗಿ ಜಿನುಗುವ ಕೆಸರು ನೀರು. ಇವು ಕಂಡ ಜಾಗಕ್ಕೆಲ್ಲ ಕೆಂಪು ಪೆನ್ನು. ಅಲ್ಲಿ ಹೊಸ ಮನೆ, ಹೊಸ ರಸ್ತೆ ಬೇಡ ಅಂತ ನಿರ್ಣಯದಲ್ಲೇ ಬರೆಸಿ.

ಒಂದು ಎಚ್ಚರಿಕೆ. ನೀರಿಂಗಿಸುವುದು ಪುಣ್ಯದ ಕೆಲಸ ಅಂತ ಎಲ್ಲ ಕಡೆ ಗುಂಡಿ ತೋಡಬೇಡಿ. ಹದವಾದ ಇಳಿಜಾರಿನ ತೋಟದಲ್ಲಿ ತೊಟ್ಟಿಲು ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಗಳ ಮೇಲಿರುವ ಕಡಿದಾದ ಬರೆಯಲ್ಲಿ ಅದೇ ಗುಂಡಿ ಮಣ್ಣನ್ನು ನೆನೆಸಿ ಭಾರ ಮಾಡುತ್ತದೆ. ಅಲ್ಲಿ ನೀರು ಇಂಗುವುದಕ್ಕಿಂತ ಸುರಕ್ಷಿತವಾಗಿ ಕೊಲ್ಲಿಗೆ ಇಳಿದು ಹೋಗುವುದು ಮುಖ್ಯ.

ನೀರಿನ ಲೆಕ್ಕ, ಜಗಳವಿಲ್ಲದೆ

ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಲ್ಲೇ (ಇಂಚಿನ ನೂರನೇ ಒಂದು ಭಾಗ) ಹೇಳುವುದು. ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ. ಅವನ್ನು ಹೊರಗೆ ತೆಗೆಸಿ. ಇಲ್ಲದಿದ್ದರೆ ಶಾಲೆಯಲ್ಲೊಂದು ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಕೈಯಲ್ಲಿ ಬರೆಸಿ.

ಕಷ್ಟದ ಮಾತು ಬೇಸಿಗೆಯದು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಬೆಳೆಗಾರರ ಸಂಕಟ ನನಗೂ ಗೊತ್ತು. ಆದರೆ ಲೆಕ್ಕ ನೋಡಿ: ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ನೂರು ಜನಕ್ಕೆ ಹದಿನೆಂಟು ದಿನದ ನೀರು ಒಂದು ಎಕರೆ ಹೂವಿಗೆ ಹೋಯಿತು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ದಿನ ಸಭೆ ಗಪ್‌ಚುಪ್. ಆಮೇಲೆ ಮಾತು ಶುರುವಾಯಿತು. ಕೊಲ್ಲಿಯಿಂದ ಪಂಪ್ ಹಾಕಲು ಸರದಿ, ರಾತ್ರಿ ಪೂರ್ತಿ ನಿಲ್ಲಿಸುವುದು, ಮಳೆಗಾಲದಲ್ಲೇ ತುಂಬಿಸಿಟ್ಟ ತೋಟದ ಕೆರೆಯ ನೀರು ಮೊದಲು ಬಳಸುವುದು ಎಂದು ಮೂರು ಒಪ್ಪಂದ ಆಯಿತು. ಎರಡನ್ನು ಎಲ್ಲರೂ ಪಾಲಿಸಿದರು. ಮೂರನೆಯದರ ಬಗ್ಗೆ ಇನ್ನೂ ಗೊಣಗಾಟ ಇದೆ.

ಭತ್ತದ ಗದ್ದೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಭತ್ತದಲ್ಲಿ ಲಾಭ ಇಲ್ಲ, ಸುಮ್ನೆ ಭಾಷಣ ಮಾಡಿ ಪ್ರಯೋಜನವಿಲ್ಲ. ಆದರೆ ಮಳೆಗಾಲವಿಡೀ ನೀರು ನಿಲ್ಲಿಸಿಕೊಳ್ಳುವ ಬಯಲಿಗೆ ಮಣ್ಣು ತುಂಬಿದರೆ ಕೆಳಗಿನವರ ಬಾವಿಗೆ ಅದರ ಬಿಸಿ ತಟ್ಟುತ್ತದೆ. ನಾಟಿಗೆ, ಕುಯ್ಲಿಗೆ ಯಂತ್ರವನ್ನು ಊರೇ ಸೇರಿ ಬಾಡಿಗೆಗೆ ತರಿಸುವುದು ಯೋಜನೆಯಲ್ಲಿ ಇರಬಹುದು.

ಸಭೆಗೆ ಯಾರು ಬಂದರು?

ಮಡಿಕೇರಿ ಆಸುಪಾಸಿನವರು ಶುಕ್ರವಾರ ಸಭೆ ಕರೆದರೆ ಸಂತೆಗೆ ಹೋದ ಕಾರ್ಮಿಕರು ಬರುವುದಿಲ್ಲ. ಹಗಲು ಕರೆದರೆ ದಿನದ ಕೂಲಿ ಹೋಗುತ್ತದೆ. ಸಂಜೆ, ಲೈನ್ ಮನೆ ಹತ್ತಿರವೋ ಆದಿವಾಸಿಗಳ ಹಾಡಿಯಲ್ಲೋ ಒಂದು ಸಭೆ ಇಡಿ. ಯರವರು, ಜೇನುಕುರುಬರು, ಕುಡಿಯರು ಕಾಡಿನ ಬಗ್ಗೆ ಹೇಳುವುದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ವಾರ್ಡ್ ಸಭೆಯಲ್ಲಿ ಮೊದಲು ಒಪ್ಪಿಸಿ, ನಂತರ ಗ್ರಾಮಸಭೆಗೆ ತನ್ನಿ. ನಿರ್ಣಯ ಪುಸ್ತಕದಲ್ಲಿ ಏರಿದ್ದನ್ನು ಕಣ್ಣಾರೆ ನೋಡಿ, ನಕಲು ಪಡೆಯಿರಿ. ನಮ್ಮ ಒಂದು ನಿರ್ಣಯ ‘ಆಮೇಲೆ ಬರೆದುಕೊಳ್ತೇವೆ’ ಅನ್ನುವ ಮಾತಲ್ಲೇ ಒಂದು ವರ್ಷ ಕಳೆಯಿತು.

ಹಣದ ವಿಚಾರ ಚಿಕ್ಕದಾಗಿ: ನೀರು, ನೈರ್ಮಲ್ಯ ಅಂತ ಬರೆದ ಕೆಲಸಕ್ಕೆ ದಾರಿ ಸಲೀಸು. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಇವೆರಡಕ್ಕೇ ಮೀಸಲಾಗಿತ್ತು. ನಿಮ್ಮ ಪಂಚಾಯಿತಿ ಏನು ಸೇರಿಸಿದೆ ಅಂತ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ಹತ್ತು ಕೆಲಸ ಕೇಳಬೇಡಿ, ಮೂರು ಸಾಕು.

ದೇವರಕಾಡಿಗೆ ಹಣಕ್ಕಿಂತ ಗಡಿ ಮುಖ್ಯ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಎಷ್ಟೋ ಕಡೆ ಒತ್ತುವರಿಯಾಗಿ ಸೊರಗಿವೆ. ದೇವಸ್ಥಾನ ಸಮಿತಿಯವರನ್ನು ಕೂರಿಸಿಕೊಂಡು ಸರ್ವೆಗೆ ಅರ್ಜಿ ಹಾಕಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಕಾಗದದ ಮೇಲಷ್ಟೇ ಇದೆಯಾ ಅಂತ ಕೇಳಿ.

ಕೊನೆಗೆ, ಕಕ್ಕಡಕ್ಕೆ (ಜುಲೈ ಮಧ್ಯದಿಂದ ಶುರುವಾಗುವ ಜಡಿಮಳೆಯ ತಿಂಗಳು) ಮೊದಲು ಒಂದು ಹಾಳೆ ತಯಾರಿರಲಿ. ಬರೆ ಕೆಳಗಿನ ಮನೆಗಳು ಯಾವುವು, ನಡೆಯಲಾಗದ ಹಿರಿಯರು ಎಲ್ಲಿದ್ದಾರೆ, ಯಾರ ಜೀಪು ಬರುತ್ತದೆ, ಯಾವ ಮನೆಗೆ ಹೋಗಬೇಕು ಅಂತ. ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಹಾಗಾಗಿ ವಾಟ್ಸ್ಆ್ಯಪ್ ಗುಂಪನ್ನು ನಂಬಿ ಕೂರಬೇಡಿ. ಹಾಳೆಯನ್ನು ಪ್ರತಿ ಮನೆಯ ಗೋಡೆಗೆ ಅಂಟಿಸಿ. ಮಳೆ ಇಳಿದು ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಹಳೇ ನಕ್ಷೆ ಹಿಡಿದು ಮತ್ತೆ ಕೊಲ್ಲಿಗೆ ಇಳಿಯಿರಿ, ಈ ಸಲ ಬೇರೆ ಬಣ್ಣದ ಪೆನ್ನು ತೆಗೆದುಕೊಂಡು.