ಬೆಟ್ಟದಲ್ಲಿ ವಿಮಾನ ಬಿದ್ದರೆ ಬೀಕನ್ ಸಂಕೇತ ಆಕಾಶಕ್ಕೆ ಮುಟ್ಟಿಸುವುದು ಹೇಗೆ

2019ರ ಜೂನ್ 3ರಂದು ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಗೆ ಹೊರಟ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಸುಮಾರು ಅರ್ಧ ಗಂಟೆಯಲ್ಲಿ ಸಂಪರ್ಕ ಕಳೆದುಕೊಂಡಿತು. ಅವಶೇಷ ಕಣ್ಣಿಗೆ ಬಿದ್ದದ್ದು ಜೂನ್ 11ಕ್ಕೆ, ಲಿಪೋದಿಂದ ಉತ್ತರಕ್ಕೆ 16 ಕಿ.ಮೀ. ದೂರದಲ್ಲಿ, ಸುಮಾರು 12,000 ಅಡಿ ಎತ್ತರದಲ್ಲಿ. 13 ಮಂದಿಯೂ ತೀರಿಕೊಂಡಿದ್ದರು. ಮೋಡ ಕವಿದ ದಟ್ಟ ಕಾಡಿನಲ್ಲಿ ಹೆಲಿಕಾಪ್ಟರಿನಿಂದ ಇಣುಕಿದರೆ ಹಸಿರು ಬಿಟ್ಟು ಬೇರೇನೂ ಕಾಣದು. ಅಂಥಲ್ಲಿ ಬದುಕುಳಿದವರಿಗೆ ಬೀಕನ್ನೇ, ಅಂದರೆ ಅಪಾಯದ ರೇಡಿಯೊ ಸಂಕೇತ ಕಳಿಸುವ ವಿಮಾನದ ಪೆಟ್ಟಿಗೆಯೇ ದೊಡ್ಡ ಆಸರೆ.

ಹೊರಡುವ ಮುನ್ನವೇ ಎರಡು ಸಂಗತಿ ನೋಡಿಕೊಳ್ಳಿ. ಬೀಕನ್ನಿನ ಬ್ಯಾಟರಿಯ ಮೇಲೆ ಬರೆದ ಅವಧಿ ಮುಗಿದಿರಬಾರದು. 406 ಮೆಗಾಹರ್ಟ್ಸ್ ಬೀಕನ್ನಿನ 15 ಅಂಕಿ-ಅಕ್ಷರಗಳ ಗುರುತು ನೋಂದಣಿಯಾಗಿರಬೇಕು. ಭಾರತದಲ್ಲಿ ಈ ಸಂಕೇತಗಳನ್ನು ನೋಡಿಕೊಳ್ಳುವುದು ಬೆಂಗಳೂರಿನಲ್ಲಿ ಇಸ್ರೋದ ಉಪಗ್ರಹ ಸಂಪರ್ಕ ಜಾಲವಾದ ಇಸ್ಟ್ರಾಕ್‌ನಲ್ಲಿರುವ ಕೇಂದ್ರ. ನೋಂದಣಿಯಿಲ್ಲದಿದ್ದರೆ ಸಂಕೇತ ಯಾವ ವಿಮಾನದ್ದು, ಯಾರಿಗೆ ಫೋನ್ ಮಾಡಬೇಕು ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಬಿದ್ದ ಮೇಲೆ ಮೊದಲು ದೂರ ಸರಿಯಿರಿ. ಇಂಧನದ ವಾಸನೆ ಹೋದ ಮೇಲೆ ಮರಳಿ ಬಂದು ಕಾಕ್‌ಪಿಟ್‌ನಲ್ಲಿರುವ ಬೀಕನ್ ಸ್ವಿಚ್ಚನ್ನು 'ಆನ್'ಗೆ ತಿರುಗಿಸಿ. ಅಪ್ಪಳಿಸಿದ ರಭಸಕ್ಕೆ ಬೀಕನ್ ತಾನಾಗಿ ಶುರುವಾಗಿರಬೇಕು, ಆದರೆ ಅದನ್ನೇ ನಂಬಿ ಕೂರಬೇಡಿ. ಕೈಯಲ್ಲಿ ಹಿಡಿಯುವ ವಿಮಾನ ರೇಡಿಯೊ ಇದ್ದರೆ 121.5 ಮೆಗಾಹರ್ಟ್ಸ್‌ಗೆ ಇಟ್ಟು ಕೇಳಿ: ಸೈರನ್ನಿನಂತೆ ಜಾರುವ ದನಿ ಬಂದರೆ ಹತ್ತಿರದಿಂದ ಹುಡುಕುವವರಿಗೆ ಬೇಕಾದ ಸಂಕೇತ ಹೊರಡುತ್ತಿದೆ. ಉಪಗ್ರಹಗಳು 2009ರ ಫೆಬ್ರವರಿಯಿಂದ 121.5 ಕೇಳುವುದನ್ನು ನಿಲ್ಲಿಸಿವೆ. ಅವಕ್ಕೆ ಮುಟ್ಟುವುದು 406 ಮಾತ್ರ. ಅದು ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನಷ್ಟೇ ಮಿಡಿಯುತ್ತದೆ.

ಹೆಚ್ಚಾಗಿ ಕೈಕೊಡುವುದು ಪೆಟ್ಟಿಗೆಯಲ್ಲ, ಆಂಟೆನಾ. ವಿಮಾನ ಮಗುಚಿದರೆ ಅದು ಮಣ್ಣಿನಡಿ ಹೋಗುತ್ತದೆ, ಬಾಲ ಮುರಿದರೆ ಕೇಬಲ್ ಕಿತ್ತುಬರುತ್ತದೆ. ಪೆಟ್ಟಿಗೆ ಬಿಚ್ಚಿ ತೆಗೆಯಬಹುದಾದ ಬಗೆಯದಾದರೆ ಪಟ್ಟಿ ಸಡಿಲಿಸಿ, ಕೇಬಲ್ ಕಳಚಿ, ಜೊತೆಗಿರುವ ಬಿಡಿ ಆಂಟೆನಾ ಸಿಕ್ಕಿಸಿ. ರೆಕ್ಕೆಯ ಅಗಲವಾದ ತಗಡಿನ ಮೇಲೆ ಆಂಟೆನಾ ನೆಟ್ಟಗೆ ನಿಲ್ಲುವಂತಿಡಿ. ಕೆಳಗಿನ ಲೋಹ ಸಂಕೇತಕ್ಕೆ ಬಲ ಕೊಡುತ್ತದೆ. ಕಣಿವೆಯ ಗೋಡೆ ಒತ್ತಿದ್ದರೆ ಕೆಲವೇ ಹೆಜ್ಜೆ ಸರಿದು ಆಕಾಶ ಹೆಚ್ಚು ತೆರೆದಿರುವ ಕಡೆ ಇಡಿ. ಹಿಮ ಬಿದ್ದಂತೆಲ್ಲ ಒರೆಸಿ.

ಬ್ಯಾಟರಿ ಉಳಿಸಲು ಆರಿಸಿ ಹಚ್ಚಿ ಮಾಡುವುದು ದೊಡ್ಡ ತಪ್ಪು. ಜಿಪಿಎಸ್ ಇಲ್ಲದ ಬೀಕನ್ನಿನ ಜಾಗವನ್ನು ಉಪಗ್ರಹಗಳಿಗೆ ಮುಟ್ಟಿದ ಮಿಡಿತಗಳಿಂದ ಲೆಕ್ಕ ಹಾಕುತ್ತಾರೆ. ನಡುವೆ ಆರಿಸಿದರೆ ಆ ಲೆಕ್ಕಕ್ಕೆ ಬೇಕಾದ ಮಿಡಿತಗಳು ತಪ್ಪುತ್ತವೆ. ಹಾಗೆ ಸಿಗುವ ಜಾಗದಲ್ಲಿ ಕೆಲವು ಕಿಲೋಮೀಟರ್ ವ್ಯತ್ಯಾಸವಿರಬಹುದು. ಹಾಗಾಗಿ ಇಳಿಜಾರು ಹಿಡಿದು ನಡೆದುಹೋಗಬೇಡಿ. ಮನುಷ್ಯನಿಗಿಂತ ವಿಮಾನವೇ ಬೇಗ ಕಾಣುತ್ತದೆ.

ಬಿಡುವಾದಾಗ ಬಯಲಲ್ಲಿ ಬಟ್ಟೆ ಅಥವಾ ತಗಡಿನಿಂದ 'ವಿ' ಅಕ್ಷರ ಹಾಸಿ, ನೆರವು ಬೇಕೆಂಬುದು ಅದರ ಅರ್ಥ. ವೈದ್ಯರು ಬೇಕಿದ್ದರೆ 'ಎಕ್ಸ್'. ಎರಡೂವರೆ ಮೀಟರಿಗಿಂತ ಚಿಕ್ಕದಾದರೆ ಮೇಲಿಂದ ಕಾಣದು. ಹೆಲಿಕಾಪ್ಟರ್ ತಲೆಯ ಮೇಲೆ ಬಂದರೂ ಬೀಕನ್ ಆರಿಸಬೇಡಿ. ರಕ್ಷಣಾ ತಂಡ ಹೇಳಿದ ಮೇಲಷ್ಟೇ ಆರಿಸಿ.