ಲೇಸರ್ ಕಟ್ಟರ್ ಕೇಳುವ ಮೊದಲು ಕೋಣೆ ನೋಡಿ

ಆರ್ಕಿಟೆಕ್ಚರ್ ವಿಭಾಗಕ್ಕೆ ಹೊಸ ಯಂತ್ರ ಬೇಕು ಅಂದ ಕೂಡಲೇ ಎಲ್ಲರೂ ಕೊಟೇಶನ್ ತರಿಸುತ್ತಾರೆ. ಅದು ಆಮೇಲೆ. ಮೊದಲು ಯಂತ್ರ ಇಡುವ ಕೋಣೆಗೆ ಹೋಗಿ ನೋಡಿ. ನಾನು ಕಾಸರಗೋಡಿನ ಕುಂಬಳೆಯವ. ತಲಪಾಡಿ ಗಡಿ ದಾಟಿ ಹೋಗಿ ಒಂದು ವಿಶ್ವವಿದ್ಯಾಲಯದ ಮಾಡೆಲ್ ವರ್ಕ್‌ಶಾಪ್ ನೋಡಿಕೊಳ್ಳುತ್ತೇನೆ. ದಾನಿಗಳಲ್ಲಿ ದುಡ್ಡು ಕೇಳುವ ಅರ್ಜಿಗಳೂ ನನ್ನ ಮೇಜಿಗೇ ಬರುತ್ತವೆ.

ಲೇಸರ್ ಕಟ್ಟರನ್ನೇ ತಗೊಳ್ಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ಯುವಾಗ ಏಳುವ ಹೊಗೆ ಅಂಟಂಟು. ಅದನ್ನು ಹೊರಗೆ ತಳ್ಳಲು ಪೈಪು, ಬ್ಲೋವರ್ ಇಲ್ಲದಿದ್ದರೆ ಲೆನ್ಸಿನ ಮೇಲೆ ಕಂದು ಪೊರೆ ಕೂರುತ್ತದೆ, ಕೊಯ್ತ ಕೆಡುತ್ತದೆ. ನೀರು ತಣಿಸುವ ಚಿಲ್ಲರ್ ಬೇಕು. ಲೇಸರ್ ಹುಟ್ಟಿಸುವ ಗಾಜಿನ ಟ್ಯೂಬ್ ಸುಮ್ನೆ ಇಟ್ಟರೂ ನಿಧಾನಕ್ಕೆ ಶಕ್ತಿ ಕಳಕೊಳ್ಳುತ್ತದೆ. ಪಿವಿಸಿ ಹಾಳೆ ಯಾರೂ ಒಳಗಿಡದಂತೆ ಕಾಯಲು ಒಬ್ಬರು ಬೇಕು, ಅದರ ಹೊಗೆ ವಿಷ, ಯಂತ್ರವನ್ನೂ ತುಕ್ಕು ಹಿಡಿಸುತ್ತದೆ. ತ್ರೀಡಿ ಪ್ರಿಂಟರ್ ಇದ್ದರೆ ಮಳೆಗಾಲದ ಯೋಚನೆ ಮಾಡಿ. ಫಿಲಮೆಂಟ್ (ಕರಗಿಸಿ ಮಾಡೆಲ್ ಮಾಡುವ ಪ್ಲಾಸ್ಟಿಕ್ ಎಳೆ) ತೇವ ಹೀರಿದರೆ ನಾಝಲ್ಲಿನಲ್ಲಿ ಚಟಚಟ ಸದ್ದು, ಮಾಡೆಲ್ ತುಂಬಾ ಗುಳ್ಳೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಸಾಕು.

ವಯರಿಂಗ್, ಬಿಡಿಭಾಗ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಆಪರೇಟರ್ ಸಂಬಳ, ಎಲ್ಲವನ್ನೂ ಮೂರು ವರ್ಷಕ್ಕೆ ಲೆಕ್ಕ ಹಾಕಿ ಮೊದಲ ಅರ್ಜಿಯಲ್ಲೇ ಸೇರಿಸಿ. ಯಂತ್ರಕ್ಕೆ ದುಡ್ಡು ಕೊಡುವವರು ಹೇಗಾದರೂ ಸಿಗುತ್ತಾರೆ. ಆಮೇಲೆ ಬರೀ ಎಎಂಸಿಗೆ ಅಂತ ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ.

ಅರ್ಜಿಯ ಮೊದಲ ಪುಟದಲ್ಲಿ ಯಂತ್ರದ ಹೆಸರು ಬೇಡ, ಕೆಲಸ ಬರೆಯಿರಿ. ನಮ್ಮ ಕ್ವಾರಿಗಳ ಕೆಂಪುಕಲ್ಲು ಒಣಗಿದ್ದಾಗ ಎಷ್ಟು ಭಾರ ತಡೆಯುತ್ತದೆ, ನೆನೆದಾಗ ಎಷ್ಟು ಅಂತ ಅಳೆಯುತ್ತೇವೆ ಅಂದರೆ ಟೆಸ್ಟಿಂಗ್ ಮೆಶಿನ್ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮಧೂರು ದೇವಸ್ಥಾನದ ಗಜಪೃಷ್ಠ ಮಾಡನ್ನು (ಆನೆ ಬೆನ್ನಿನಾಕಾರದ ಛಾವಣಿ) ಸ್ಕ್ಯಾನ್ ಮಾಡಿ ದಾಖಲೆ ಇಡುತ್ತೇವೆ ಅನ್ನಿ, ಊರವರೇ ಬಂದು ವಿಚಾರಿಸುತ್ತಾರೆ.

ಯಾರನ್ನು ಕೇಳುವುದು? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಊರಿನ ಸಹಕಾರಿ ಬ್ಯಾಂಕು ಕಂಪನಿಯಲ್ಲ, ಅಲ್ಲಿ ಈ ಸೆಕ್ಷನ್ ತೋರಿಸಬೇಡಿ. ಕಂಪನಿಗಳಲ್ಲಿ ಹೊಸ ಆರ್ಥಿಕ ವರ್ಷದ ಯೋಜನೆ ಏಪ್ರಿಲ್‌ಗೆ ಮೊದಲೇ ತಯಾರಾಗುತ್ತಿರುತ್ತದೆ, ಡಿಸೆಂಬರ್‌ನಲ್ಲೇ ಹೋಗಿ. ದುಡ್ಡು ಟ್ರಸ್ಟ್ ಮೂಲಕ ಬರುವುದಾದರೆ ಆ ಟ್ರಸ್ಟಿಗೆ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡಲು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇದೆಯಾ ನೋಡಿ.

ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳ ವಿಷಯ ಜಾಸ್ತಿ ಜಾಗ್ರತೆಯದ್ದು. ಕಾಸರಗೋಡಿನವರಿಗೆ ದುಬೈ ಬೆಂಗಳೂರಿಗಿಂತ ಹತ್ತಿರ ಅಲ್ವಾ! ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಕೆಲವರು "ನನ್ನ ಕಂಪನಿ ಅಕೌಂಟಿಂದ ಹಾಕುತ್ತೇನೆ ಸರ್" ಅನ್ನುತ್ತಾರೆ. ಅಲ್ಲಿಯ ಕಂಪನಿ ವಿದೇಶಿ ಮೂಲ. ಅಮೆರಿಕದ ಪೌರತ್ವ ಪಡೆದವರೂ ಹಾಗೆಯೇ. ಇವರಿಂದ ತಗೊಳ್ಳಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು. ಸಂಕೋಚ ಬಿಟ್ಟು "ಪಾಸ್‌ಪೋರ್ಟ್ ಯಾವುದು, ದುಡ್ಡು ಯಾವ ಅಕೌಂಟಿನದ್ದು?" ಅಂತ ಮೊದಲೇ ಕೇಳಿ.

ಇಲ್ಲಿಯ ದಾನಿಗಳಿಗೆ ದೇಣಿಗೆಯ ತೆರಿಗೆ ವಿನಾಯಿತಿ ರಸೀದಿ (80ಜಿ ಅಂತ ಹೇಳುತ್ತಿದ್ದದ್ದು) ಕೊಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಸಿಗುವುದಿಲ್ಲ ಅಂತಲೂ ತಿಳಿಸಿ.

ದಾನಿಯ ಹೆಸರನ್ನು ಕೋಣೆಯ ಬಾಗಿಲಿಗೆ ಹಾಕಿ. ಯಂತ್ರದ ಮೇಲೆ ಬರೆಸಿದರೆ ಅದು ಗುಜರಿಗೆ ಹೋಗುವ ದಿನ ಅವರಿಗೆ ಫೋನ್ ಮಾಡಬೇಕಾದವರು ನೀವೇ.